ಆಲಿಸುವ ಕಿವಿ, ನೆಲೆನಿಲ್ಲುವ ಮನಸ್ಸು: ಎಳೆಯ ಮಕ್ಕಳ ತಂದೆತಾಯಂದಿರಿಗೆ ಒಂದು ಬಹಿರಂಗ ಪತ್ರ

ಮೈಸೂರು

ಎಳೆಯ ಮಕ್ಕಳ ತಂದೆತಾಯಂದಿರೇ, ಆ ಮಕ್ಕಳನ್ನು ತೊಡೆಯ ಮೇಲಿರಿಸಿಕೊಂಡು ಸಲಹುತ್ತಿರುವ ಅಜ್ಜ ಅಜ್ಜಿಯರೇ,



ಶಿಶುವಿಹಾರವೊಂದರ ಉಪಾಧ್ಯಾಯಿನಿಯಾಗಿ ಆಯುಷ್ಯದ ಬಹುಭಾಗವನ್ನು ಕಳೆದು ಈಗ ವಿಶ್ರಾಂತಳಾಗಿರುವ ನಾನು, ವರ್ಷವರ್ಷವೂ ಜೂನ್ ತಿಂಗಳಿನಲ್ಲಿ, ಮಕ್ಕಳನ್ನು ಹೊಸದಾಗಿ ಸೇರಿಸಲು ಕೈಹಿಡಿದು ಕರೆತಂದ ಹಿರಿಯರ ಬಾಯಿಂದ ಹೆಚ್ಚುಕಡಿಮೆ ಒಂದೇ ದೂರನ್ನು ಕೇಳುತ್ತ ಬಂದವಳು: ಹೇಳಿದ ಮಾತನ್ನು ಕಿವಿಯ ಮೇಲೇ ಹಾಕಿಕೊಳ್ಳುವುದಿಲ್ಲ, ಒಂದು ಕಡೆ ಕೂರುವುದಿಲ್ಲ, ನೀವಾದರೂ ಸ್ವಲ್ಪ ಗದರಿಸಿ ದಾರಿಗೆ ತನ್ನಿ. ಈ ಮಾತನ್ನಾಡುವವರಿಗೆ ಮಗುವಿನ ಮೇಲೆ ಅಕ್ಕರೆ ಕಡಿಮೆಯೆಂದು ನಾನು ಎಂದೂ ಭಾವಿಸಿದವಳಲ್ಲ. ಆದರೆ ಮನಸ್ಸಿಟ್ಟು ಆಲಿಸುವ ಶಕ್ತಿಯನ್ನು ಮಗು ಹುಟ್ಟುವಾಗಲೇ ಪೂರ್ಣವಾಗಿ ಪಡೆದು ಬಂದಿರುತ್ತದೆ, ಆಲಿಸದೆ ಇರುವುದು ಕೇವಲ ಅದರ ಹಟ, ಎಂಬ ಭಾವನೆ ನಮ್ಮ ಮನೆಗಳಲ್ಲಿ ಆಳವಾಗಿ ಬೇರೂರಿದೆ. ಆ ಭಾವನೆಯನ್ನು ದಯವಿಟ್ಟು ತೊರೆಯಿರೆಂದು ಬೇಡಿಕೊಳ್ಳುವುದಕ್ಕಾಗಿಯೇ ಈ ಪತ್ರವನ್ನು ಬರೆಯುತ್ತಿದ್ದೇನೆ. ಅವಧಾನವು ಆಜ್ಞೆಗೆ ಹುಟ್ಟತಕ್ಕದ್ದಲ್ಲ. ಹಿರಿಯರೊಬ್ಬರು ಮೊದಲು ತಮ್ಮ ಗಮನವನ್ನು ಮಗುವಿಗೆ ಕೊಟ್ಟಲ್ಲಿ, ಅವರ ಸಹವಾಸದಲ್ಲಿ, ವರ್ಷದಿಂದ ವರ್ಷಕ್ಕೆ ಒಂದೊಂದೇ ಮೆಟ್ಟಿಲನ್ನೇರಿ ಅದು ಬೆಳೆಯುತ್ತದೆ.

ಮೊದಲು ಕಿವಿಯ ವಿಚಾರ. ಸುಭದ್ರೆಯ ಗರ್ಭದಲ್ಲಿದ್ದಾಗಲೇ ಅಭಿಮನ್ಯುವು ಚಕ್ರವ್ಯೂಹದ ಮರ್ಮವನ್ನು ಆಲಿಸಿದನೆಂಬ ಕಥೆಯನ್ನು ನಾವೆಲ್ಲರೂ ಬಲ್ಲೆವು. ಗರ್ಭಸ್ಥ ಶಿಶುವಿಗೆ ವ್ಯೂಹಭೇದನದ ವಿದ್ಯೆ ಎಟುಕದಿದ್ದರೂ ತಾಯಿಯ ದನಿ ಎಟುಕುವುದೆಂಬುದು ಈಗ ಶಾಸ್ತ್ರಸಿದ್ಧವಾದ ಸಂಗತಿಯಾಗಿದೆ. ಗರ್ಭವಾಸದ ಆರನೆಯ ತಿಂಗಳ ಸುಮಾರಿಗೆ ಶಿಶುವಿನ ಶ್ರವಣೇಂದ್ರಿಯವು ಶಬ್ದಕ್ಕೆ ಸ್ಪಂದಿಸತೊಡಗುತ್ತದೆ; ಹುಟ್ಟಿ ಮೂರು ದಿನ ತುಂಬದ ಕೂಸುಗಳೂ ಅನ್ಯಸ್ತ್ರೀಯ ದನಿಗಿಂತ ತಮ್ಮ ತಾಯಿಯ ದನಿಯನ್ನೇ ಆರಿಸಿಕೊಳ್ಳುವವೆಂಬುದನ್ನು ಅಮೆರಿಕದ ಆಂಥೋನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಎಂಬ ವಿದ್ವಾಂಸರು 1980ರಲ್ಲಿ ತೋರಿಸಿಕೊಟ್ಟರು. ನಾಲ್ಕೂವರೆ ತಿಂಗಳ ಹೊತ್ತಿಗೆ ಮಗು ತನ್ನ ಹೆಸರಿನ ಸದ್ದನ್ನು ಬೇರೆ ಹೆಸರುಗಳ ನಡುವೆ ಗುರುತಿಸಬಲ್ಲುದಾಗುತ್ತದೆ. ಇನ್ನೂ ವಿಸ್ಮಯಕರವಾದುದೊಂದುಂಟು. ನಮ್ಮ ತಕಾರ ಟಕಾರಗಳ ಭೇದವು ಇಂಗ್ಲಿಷಿನಲ್ಲಿಲ್ಲ; ಆದರೂ ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ಅಂತಹ ಎರಡು ಧ್ವನಿಗಳನ್ನು ಬೇರ್ಪಡಿಸಿ ಗುರುತಿಸಿದುವೆಂದೂ, ಹತ್ತು ಹನ್ನೆರಡು ತಿಂಗಳ ವೇಳೆಗೆ ಆ ಸಾಮರ್ಥ್ಯವು ಬಹುಮಟ್ಟಿಗೆ ಕುಗ್ಗಿಹೋಗಿತ್ತೆಂದೂ ಕೆನಡಾ ದೇಶದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದರು. ಎಂದರೆ, ಲೋಕದ ಎಲ್ಲ ಭಾಷೆಗಳಿಗೂ ತೆರೆದಿದ್ದ ಕಿವಿಯು, ಮನೆಯಲ್ಲಿ ಯಾವ ಮಾತು ನಿತ್ಯವೂ ಕೇಳಿಬರುವುದೋ ಅದರ ಕಡೆಗೆ, ಮೊದಲ ಹುಟ್ಟುಹಬ್ಬಕ್ಕೂ ಮುನ್ನವೇ ತನ್ನನ್ನು ಹದಗೊಳಿಸಿಕೊಳ್ಳುತ್ತದೆ. ಕೂಸಿಗೇನು ತಿಳಿಯುತ್ತದೆಂದು ಅದರೆದುರು ಮೌನವಾಗಿದ್ದುಬಿಡುವವರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಸ್ನಾನ ಮಾಡಿಸುವಾಗ, ಬಟ್ಟೆ ತೊಡಿಸುವಾಗ, ಮಡಿಲಲ್ಲಿ ಮಲಗಿಸಿಕೊಂಡಾಗ ನೀವು ಆಡುವ ಮಾತು, ಹಾಡುವ ಜೋಗುಳ, ಇವೇ ಅದರ ಮೊದಲ ಪಾಠಶಾಲೆ.

ಹಾಗಾದರೆ ಆ ಮಾತನ್ನು ಯಂತ್ರವೇ ಆಡಬಾರದೇಕೆ ಎಂದು ನೀವು ಕೇಳಬಹುದು. ಮೊಬೈಲಿನಲ್ಲಿ ಶಿಶುಗೀತೆಗಳಿಗೆ ಬರವಿಲ್ಲವಷ್ಟೆ. ಇದಕ್ಕೆ ಉತ್ತರವೂ ಪ್ರಯೋಗದಿಂದಲೇ ದೊರೆತಿದೆ. ಪೆಟ್ರೀಷಿಯಾ ಕೂಲ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಚೀನೀ ಭಾಷೆಯನ್ನು ಕೆಲವು ವಾರಗಳ ಅವಧಿಯಲ್ಲಿ 12 ಸಲ ಕೇಳಿಸಿದರು. ಜೀವಂತ ವ್ಯಕ್ತಿಯೊಬ್ಬರು ಎದುರಿಗೆ ಕುಳಿತು, ಆಟಿಕೆಗಳನ್ನು ತೋರಿಸುತ್ತ, ಕಣ್ಣಲ್ಲಿ ಕಣ್ಣಿಟ್ಟು ನುಡಿದಾಗ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಗ್ರಹಿಸಿದುವು. ಅದೇ ವ್ಯಕ್ತಿಗಳ ಅದೇ ಮಾತುಗಳನ್ನು ದೂರದರ್ಶನದ ಪರದೆಯಿಂದಲೋ ಧ್ವನಿಮುದ್ರಣದಿಂದಲೋ ಕೇಳಿಸಿದಾಗ ಏನನ್ನೂ ಕಲಿಯಲಿಲ್ಲ. ಮಗುವು ಬರಿಯ ಶಬ್ದವನ್ನು ಆಲಿಸುವುದಿಲ್ಲ, ಶಬ್ದದ ಹಿಂದಿರುವ ಮನುಷ್ಯನನ್ನು ಆಲಿಸುತ್ತದೆ. ಆ ಮನುಷ್ಯ ತನ್ನ ಮುಖವನ್ನು ನೋಡಿ ನಗಬೇಕು, ತಾನು ತೊದಲು ದನಿ ಮಾಡಿದಾಗ ಅದಕ್ಕೆ ಓಗೊಡಬೇಕು. ಪರದೆಯು ಎಂದಿಗೂ ಓಗೊಡಲಾರದು.

ಈ ಓಗೊಡುವಿಕೆಯಿಂದಲೇ ಅವಧಾನವೂ ಮೊಳೆಯುತ್ತದೆ. ಮೊದಲ ವರ್ಷದ ಕೊನೆಯ ಭಾಗದಲ್ಲಿ ಮಗು ನೀವು ನೋಡುತ್ತಿರುವ ಕಡೆಗೆ ತಾನೂ ನೋಡತೊಡಗುತ್ತದೆ; ಬಳಿಕ ತನ್ನ ಪುಟ್ಟ ತೋರುಬೆರಳನ್ನು ಚಾಚಿ, ಮಹಡಿಯ ಅಂಚಿನಲ್ಲಿ ಕುಳಿತ ಕಾಗೆಯನ್ನೋ, ಬೀದಿಯಲ್ಲಿ ಹೋಗುವ ಎಮ್ಮೆಯನ್ನೋ ತೋರಿಸಿ, ಕೂಡಲೆ ನಿಮ್ಮ ಮುಖದ ಕಡೆಗೆ ತಿರುಗುತ್ತದೆ. ತಾನು ಕಂಡುದನ್ನು ನೀವೂ ಕಂಡಿರೋ ಎಂದು ಅದು ಆಗ ವಿಚಾರಿಸುತ್ತಿದೆ. ಆ ಕ್ಷಣದಲ್ಲಿ ನೀವು ಹೂಂಗುಟ್ಟಿ ಕೈಯಲ್ಲಿನ ಫೋನಿಗೆ ಮರಳಿದಿರೋ, ಮಗುವಿನ ಪ್ರಶ್ನೆ ಅಲ್ಲಿಗೇ ಮುರಿದು ಬೀಳುತ್ತದೆ. ಅದರ ಬದಲು "ಹೌದು ಕಂದ, ಕಾಗೆ, ರೆಕ್ಕೆ ಕೆದರಿಕೊಳ್ಳುತ್ತಿದೆ" ಎಂದು ಅದರೊಡನೆ ನಿಂತು ನೋಡಿದಿರಾದರೆ ಮಗುವಿನ ದೃಷ್ಟಿ ಆ ಕಾಗೆಯ ಮೇಲೆ ಇನ್ನಷ್ಟು ಹೊತ್ತು ನೆಲಸುತ್ತದೆ. ಒಂದು ವರ್ಷದ ಮಕ್ಕಳು ಆಡುತ್ತಿರುವ ವಸ್ತುವನ್ನೇ ತಂದೆತಾಯಿಗಳೂ ನೋಡಿದಾಗ ಮಕ್ಕಳ ಗಮನವು ಅದರಲ್ಲಿ ಹೆಚ್ಚು ಕಾಲ ನಿಲ್ಲುವುದೆಂದು ಚೆನ್ ಯೂ ಮತ್ತು ಲಿಂಡಾ ಸ್ಮಿತ್ 2016ರಲ್ಲಿ ವರದಿ ಮಾಡಿದ್ದಾರೆ. ಮಗುವಿನ ಗಮನವನ್ನು ನಮ್ಮ ಕಡೆಗೆ ಸೆಳೆಯುವುದಕ್ಕಿಂತ ಮುಂಚೆ, ಅದರ ಗಮನ ಹೋದ ಕಡೆಗೆ ನಾವು ಹೋಗಬೇಕು. ಗಮನವನ್ನು ಬೆಳೆಸಬಯಸುವವರಿಗೆ ಇದೇ ಪ್ರಥಮಸೂತ್ರ.

ಇನ್ನು ಮೆಟ್ಟಿಲುಗಳ ವಿಷಯ. ಇಂಗ್ಲೆಂಡಿನ ಜೋನ್ ರೇನೆಲ್ ಎಂಬ ಮನಶ್ಶಾಸ್ತ್ರಜ್ಞೆಯು ಸಹೋದ್ಯೋಗಿನಿಯರೊಡನೆ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎಳೆಯ ಮಕ್ಕಳ ಅವಧಾನದ ಬೆಳವಣಿಗೆಯನ್ನು ಆರು ಹಂತಗಳಾಗಿ ವಿಂಗಡಿಸಲಾಗಿದೆ. ಮೊದಲ ವರ್ಷದಲ್ಲಿ ಮಗುವಿನ ಮನಸ್ಸು ಹೊಸ ಸದ್ದು, ಹೊಸ ನೋಟ ಯಾವುದು ಬಂದರೂ ಅದರ ಹಿಂದೆ ಹೋಗುತ್ತದೆ. ಎರಡನೆಯ ವರ್ಷದಲ್ಲಿ ತಾನೇ ಆರಿಸಿಕೊಂಡ ಒಂದು ಕೆಲಸದಲ್ಲಿ ಎಷ್ಟು ಗಾಢವಾಗಿ ಮುಳುಗುವುದೆಂದರೆ, ಹೊರಗಿನ ಮಾತು ಅದರ ಒಳಕ್ಕೆ ಪ್ರವೇಶಿಸುವುದೇ ಇಲ್ಲ. ಮೂರನೆಯ ವರ್ಷದಲ್ಲಿಯೂ ಗಮನವು ಏಕಮುಖವೇ. ಆದರೆ ಹಿರಿಯರು ಸಹಾಯ ಮಾಡಿದರೆ ಕೆಲಸವನ್ನು ನಿಲ್ಲಿಸಿ, ಮಾತನ್ನು ಆಲಿಸಿ, ಮತ್ತೆ ಕೆಲಸಕ್ಕೆ ತಿರುಗಬಲ್ಲುದು. ನಾಲ್ಕನೆಯ ವರ್ಷದಲ್ಲಿ ಈ ತಿರುಗುವಿಕೆ ಮೆಲ್ಲಮೆಲ್ಲನೆ ಅದರ ಸ್ವಾಧೀನಕ್ಕೆ ಬರುತ್ತದೆ. ಕೈಯಲ್ಲಿ ಕೆಲಸವನ್ನಿಟ್ಟುಕೊಂಡೇ ಕಿವಿಯಲ್ಲಿ ಮಾತನ್ನು ಗ್ರಹಿಸುವ ಶಕ್ತಿಯು ನಾಲ್ಕು ತುಂಬಿದ ಮೇಲೆ, ಅದೂ ಸ್ವಲ್ಪ ಹೊತ್ತಿನ ಮಟ್ಟಿಗೆ ಮಾತ್ರ, ಕಾಣಿಸಿಕೊಂಡು, ಐದಾರು ವರ್ಷದ ವೇಳೆಗೆ ಸ್ಥಿರವಾಗುತ್ತದೆ. ಮಕ್ಕಳಲ್ಲಿ ಮುಂದು ಹಿಂದು ಇದ್ದೇ ಇರುತ್ತದೆ. ಆದರೆ ಕ್ರಮವು ಸಾಮಾನ್ಯವಾಗಿ ಇದೇ. ಅಷ್ಟಾವಧಾನ ಮಾಡುವ ವಿದ್ವಾಂಸರು ಎಂಟು ಜನರ ಪ್ರಶ್ನೆಗಳನ್ನು ಏಕಕಾಲದಲ್ಲಿ ಮನಸ್ಸಿನಲ್ಲಿ ಧರಿಸುವುದನ್ನು ಕಂಡು ಸಭೆಯಲ್ಲಿ ಕೈತಟ್ಟುವ ನಾವು, ಎರಡು ವರ್ಷದ ಶಿಶುವು ಆಟವನ್ನೂ ನಮ್ಮ ಕರೆಯನ್ನೂ ಕೂಡಿಯೇ ಧರಿಸಬೇಕೆಂದು ಬಯಸಿ, ಧರಿಸಲಾರದ್ದಕ್ಕೆ ಅದನ್ನು ಮೊಂಡನೆಂದು ಕರೆಯುವುದು ಯಾವ ನ್ಯಾಯ?

ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ನಿಮ್ಮ ಮುಂದಿಡಬಯಸುತ್ತೇನೆ. ಧನುರ್ಮಾಸದ ಒಂದು ಬೆಳಗ್ಗೆ ನಮ್ಮ ನೆರೆಮನೆಯ ಹಜಾರದಲ್ಲಿ ಅಜ್ಜಿಯೊಬ್ಬರು ನೆನೆಸಿದ ಅವರೆಕಾಳನ್ನು ಹಿತುಕುತ್ತ ಕುಳಿತಿದ್ದರು. ಮೂರನೆಯ ವರ್ಷದಲ್ಲಿದ್ದ ಮೊಮ್ಮಗ ಅವರೆದುರು ಕುಕ್ಕುರುಗಾಲಿನಲ್ಲಿ ಕುಳಿತು, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಕಾಳನ್ನು ಹಿಡಿದು ಒತ್ತಿದ. ಬೇಳೆಯು ಸಿಪ್ಪೆಯಿಂದ ಪುಟಿದು ಗೋಡೆಯ ಬಳಿಗೆ ಹಾರಿತು. ಎದ್ದು ಹೋಗಿ ಹೆಕ್ಕಿ ತಂದ, ಮತ್ತೊಂದನ್ನು ಒತ್ತಿದ, ಅದೂ ಹಾರಿತು. ಅಜ್ಜಿ ಏನನ್ನೂ ನುಡಿಯದೆ, ತಮ್ಮ ಎಡಗೈಯನ್ನು ಬಟ್ಟಲಿನಂತೆ ಮಡಿಸಿ ಬೇಳೆ ಅದರೊಳಗೆ ಬೀಳುವಂತೆ ನಿಧಾನವಾಗಿ ಹಿತುಕಿ ತೋರಿಸಿದರು. ಹುಡುಗ ಅವರ ಕೈಯನ್ನೇ ದಿಟ್ಟಿಸಿ, ತನ್ನ ಎಡಗೈಯನ್ನೂ ಹಾಗೆಯೇ ಮಡಿಸಿಕೊಂಡ. ಆಮೇಲೆ ತುಟಿಯನ್ನು ಕಚ್ಚಿಹಿಡಿದು ಅವನು ಒಂದರ ಮೇಲೊಂದರಂತೆ ಹಿತುಕತೊಡಗಿದಾಗ, ಒಳಗಿನಿಂದ ತಾಯಿ ಹಾಲು ಕುಡಿಯಲು ಬಾರೆಂದು ಕೂಗಿದಳು, ಮತ್ತೆ ಗಟ್ಟಿಯಾಗಿ ಕೂಗಿದಳು. ಅವನ ರೆಪ್ಪೆಯೂ ಅಲುಗಲಿಲ್ಲ. ಕೈಯಲ್ಲಿನ ಕಾಳು ಮುಗಿಯುವವರೆಗೆ ಕಾದಿದ್ದ ಅಜ್ಜಿ, ಅವನ ಮುಂಗೈಯನ್ನು ಮುಟ್ಟಿ, ಹೆಸರು ಹಿಡಿದು, ಅವನು ಮುಖವೆತ್ತಿ ನೋಡಿದ ಬಳಿಕ, "ಹಾಲು ಕುಡಿದು ಬಾ, ಉಳಿದ ಕಾಳು ಇಲ್ಲೇ ಇರುತ್ತದೆ" ಎಂದರು. ಹುಡುಗ ಎದ್ದು ಒಳಕ್ಕೆ ಹೋದ. ಹಾಲು ಕುಡಿದು ಮೀಸೆ ಒರಸಿಕೊಳ್ಳುತ್ತ ಬಂದು ಮತ್ತೆ ಕುಳಿತ.

ಆ ಅಜ್ಜಿ ಯಾವ ಗ್ರಂಥವನ್ನೂ ಓದಿದವರಲ್ಲ. ಆದರೂ ಮೂರನೆಯ ವರ್ಷದ ಮಗುವಿಗೆ ಎಷ್ಟು ನೆರವು ಬೇಕೋ ಅಷ್ಟನ್ನೇ ಕೊಟ್ಟರು. ರೋಮ್ ನಗರದ ಸಾನ್ ಲೊರೆಂಜೋ ಎಂಬ ಬಡವರ ಬಡಾವಣೆಯಲ್ಲಿ 1907ರಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸರಿಯವರು ಕಂಡುದೂ ಇದನ್ನೇ: ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಮರದ ಸಿಲಿಂಡರುಗಳನ್ನು ಅವುಗಳ ಕುಳಿಗಳಲ್ಲಿ ಕೂಡಿಸುವ ಕೆಲಸವನ್ನು, ಸುತ್ತಲಿನ ಮಕ್ಕಳು ಹಾಡಿ ಗದ್ದಲವೆಬ್ಬಿಸಿದರೂ ಬಿಡದೆ, ನಲವತ್ತಕ್ಕೂ ಹೆಚ್ಚು ಸಲ ಮಾಡಿ, ಕೊನೆಗೆ ತಾನಾಗಿ ತೃಪ್ತಿಗೊಂಡು ಎದ್ದಳು. ಮಗುವಿಗೆ ಏಕಾಗ್ರತೆಯಿಲ್ಲವೆಂದು ದೂರುವ ನಾವು ಅದರ ಏಕಾಗ್ರತೆಯನ್ನು ದಿನಕ್ಕೆ ಎಷ್ಟು ಸಲ ನಮ್ಮ ಕೈಯಾರೆ ಕಡಿದುಹಾಕುತ್ತೇವೆಂಬುದನ್ನು ಎಣಿಸಿ ನೋಡುವುದಿಲ್ಲ. ಆದುದರಿಂದ ನನ್ನ ಮೊದಲ ವಿನಂತಿ: ಮಗು ಯಾವುದಾದರೊಂದು ನಿರಪಾಯಕರವಾದ ಕೆಲಸದಲ್ಲಿ, ಇರುವೆಯ ಸಾಲನ್ನು ನೋಡುವುದರಲ್ಲಾಗಲಿ, ಡಬ್ಬಿಗೆ ಮುಚ್ಚಳ ಹಾಕಿ ತೆಗೆಯುವುದರಲ್ಲಾಗಲಿ, ಮಗ್ನವಾಗಿರುವಾಗ, ತೀರ ಅಗತ್ಯವಿಲ್ಲದೆ ಅದನ್ನು ಕರೆಯಬೇಡಿ, ಹೊಗಳಲೂ ಬೇಡಿ, ಮುತ್ತಿಡಲೂ ಬೇಡಿ. ಕರೆಯಲೇಬೇಕಾದಲ್ಲಿ ಅಡಿಗೆಮನೆಯಿಂದ ಕೂಗದೆ ಹತ್ತಿರಕ್ಕೆ ಹೋಗಿ, ಅದರ ಎತ್ತರಕ್ಕೆ ಬಾಗಿ, ಹೆಸರು ಹೇಳಿ, ಕಣ್ಣು ಕೂಡಿದ ಮೇಲೆ ಒಂದೇ ಒಂದು ಚಿಕ್ಕ ಮಾತನ್ನು ಹೇಳಿರಿ. ಹೇಳಿದ ಮೇಲೆ ಕಾಯಿರಿ. ಕೇಳಿದ ಮಾತನ್ನು ಅರ್ಥವಾಗಿಸಿಕೊಂಡು ಕಾರ್ಯಕ್ಕೆ ತರಲು ಎಳೆಯ ಬುದ್ಧಿಗೆ ನಮಗಿಂತ ಹೆಚ್ಚು ಹೊತ್ತು ಬೇಕು. ಆ ಹೊತ್ತಿನಲ್ಲಿ ಅದೇ ಮಾತನ್ನು ಮತ್ತೆ ಮತ್ತೆ ಏರುದನಿಯಲ್ಲಿ ಹೇಳುವುದರಿಂದ, ಏರುದನಿ ಬರುವವರೆಗೆ ಕೇಳಬೇಕಾಗಿಲ್ಲವೆಂಬ ಪಾಠವನ್ನು ಮಾತ್ರ ಮಗು ಕಲಿಯುತ್ತದೆ.

ಎರಡನೆಯ ವಿನಂತಿ ಮನೆಯ ಸದ್ದನ್ನು ಕುರಿತದ್ದು. ಅರ್ಧ ಕೇಳಿಸಿದ ವಾಕ್ಯವನ್ನು ನಾವು ಹಿರಿಯರು ಅನುಭವದಿಂದ ತುಂಬಿಕೊಳ್ಳುತ್ತೇವೆ. ಭಾಷೆಯನ್ನೇ ಇನ್ನೂ ಕಲಿಯುತ್ತಿರುವ ಮಗು ಯಾವುದರಿಂದ ತುಂಬಿಕೊಂಡೀತು? ಗದ್ದಲದ ನಡುವೆ ಮಾತನ್ನು ಆಯ್ದುಕೊಳ್ಳುವ ಶಕ್ತಿಯು ಹದಿಹರೆಯದವರೆಗೂ ಬಲಿಯುತ್ತಲೇ ಇರುತ್ತದೆ. ಯಾರೂ ನೋಡದಿದ್ದರೂ ಬೆಳಗಿನಿಂದ ರಾತ್ರಿಯವರೆಗೆ ದೂರದರ್ಶನವು ತನ್ನ ಪಾಡಿಗೆ ತಾನು ಕೂಗುತ್ತಿರುವ ಮನೆಗಳೆಷ್ಟೋ ಇವೆ. ಒಂದರಿಂದ ಮೂರು ವರ್ಷದ ಮಕ್ಕಳು ಆಡುತ್ತಿರುವ ಕೋಣೆಯಲ್ಲಿ ಹಿರಿಯರ ಕಾರ್ಯಕ್ರಮವೊಂದನ್ನು ಹಚ್ಚಿಟ್ಟಾಗ, ಮಕ್ಕಳು ಪರದೆಯ ಕಡೆಗೆ ಆಗೊಮ್ಮೆ ಈಗೊಮ್ಮೆ ಕಣ್ಣು ಹಾಯಿಸಿದುವಷ್ಟೇ ಆದರೂ, ಅವುಗಳ ಆಟದ ತನ್ಮಯತೆ ತುಂಡುತುಂಡಾಯಿತೆಂದು 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯ ನೋಟವೇ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆಯನ್ನು ಮೀರಬಾರದು, ಇನ್ನೂ ಕಡಿಮೆಯಾದಷ್ಟೂ ಒಳ್ಳೆಯದು. ತುತ್ತು ಉಣಿಸುವುದಕ್ಕಾಗಿ ಮೊಬೈಲನ್ನು ಎದುರಿಗಿಡುವ ಪದ್ಧತಿಯನ್ನು ದಯಮಾಡಿ ನಿಲ್ಲಿಸಿರಿ. ಅನ್ನದ ರುಚಿ, ಹಸಿವು ತೀರಿದ ಅರಿವು, ಉಣಿಸುವವರ ಮಾತು, ಇಷ್ಟೂ ಮಗುವಿನ ಗಮನಕ್ಕೆ ಬಾರದೆ ಹೋಗುತ್ತದೆ. ನಿದ್ರೆಯ ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ: ಮೂರು ನಾಲ್ಕು ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 10ರಿಂದ 13 ಗಂಟೆಗಳ ನಿದ್ರೆ ಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ, ನಿದ್ದೆಗೆಟ್ಟ ಮಗುವಿನಿಂದ ಗಮನವನ್ನು ಬಯಸುವುದು ವ್ಯರ್ಥ.

ಮೂರನೆಯ ವಿನಂತಿ, ಕಥೆ ಹೇಳಿರಿ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ಕಟ್ಟಿದ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'ದಲ್ಲಿ ಉತ್ಸಾಹಿಯಾದ ಉಪಾಧ್ಯಾಯನೊಬ್ಬನು ಮೊದಲ ದಿನವೇ ತರಗತಿಯಲ್ಲಿ ಶಾಂತಿಯ ಆಟವನ್ನು ಆಡಿಸಹೊರಟು, ಹುಡುಗರ ಗಲಭೆಯ ಮುಂದೆ ಸಂಪೂರ್ಣವಾಗಿ ಸೋಲುತ್ತಾನೆ; ಮರುದಿನ ಕಥೆಯನ್ನು ಆರಂಭಿಸುತ್ತಾನೆ, ಅದೇ ಹುಡುಗರು ಅಲುಗದೆ ಕುಳಿತು ಆಲಿಸುತ್ತಾರೆ. ನನ್ನ ಅನುಭವವೂ ಇದಕ್ಕೆ ಸಾಕ್ಷಿ. ಕಥೆಯನ್ನು ಕೇಳುವ ಮಗುವು ಹಿಂದೆ ಬಂದುದನ್ನು ನೆನಪಿನಲ್ಲಿಟ್ಟು ಮುಂದೆ ಬರುವುದನ್ನು ನಿರೀಕ್ಷಿಸಬೇಕಾಗುತ್ತದೆ, ಕಣ್ಣೆದುರಿಲ್ಲದ ಕಾಡನ್ನೂ ಹುಲಿಯನ್ನೂ ಮಾತಿನಿಂದಲೇ ಕಟ್ಟಿಕೊಳ್ಳಬೇಕಾಗುತ್ತದೆ. ಅವಧಾನಕ್ಕೆ ಇದಕ್ಕಿಂತ ಉತ್ತಮವಾದ ವ್ಯಾಯಾಮವನ್ನು ನಾನರಿಯೆ. ಒಂದೇ ಕಥೆಯನ್ನು ನಿತ್ಯವೂ ಹೇಳೆಂದು ಮಗು ಪೀಡಿಸಿದರೆ ಬೇಸರಪಡಬೇಡಿ. ನೀವು ಮರೆತು ನರಿಯ ಬದಲು ತೋಳವೆಂದಾಗ ಅದು ತಟಕ್ಕನೆ ತಿದ್ದುವುದಲ್ಲವೆ? ಅಷ್ಟು ಸೂಕ್ಷ್ಮವಾಗಿ ಆಲಿಸಿತೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ. ಕಥೆ ನಿಮ್ಮ ಮನೆಮಾತಿನಲ್ಲಿರಲಿ, ನಿಮ್ಮ ಊರಿನ ಕನ್ನಡದಲ್ಲಿರಲಿ. ನಡುವೆ ನಿಲ್ಲಿಸಿ, ಆಮೇಲೇನಾಯಿತೆಂದು ಮಗುವನ್ನೇ ಕೇಳಿರಿ; ಅದು ತೊದಲುತ್ತ ಹೇಳುವಾಗ ಮಾತನ್ನು ಕಸಿದುಕೊಳ್ಳದೆ, ತಿದ್ದದೆ, ಕೊನೆಯವರೆಗೂ ಆಲಿಸಿರಿ. ತನ್ನ ಮಾತನ್ನು ಯಾರಾದರೂ ಪೂರ್ತಿಯಾಗಿ ಆಲಿಸಿದ ಅನುಭವವಿಲ್ಲದ ಮಗುವು ಇತರರ ಮಾತನ್ನು ಪೂರ್ತಿಯಾಗಿ ಆಲಿಸುವುದನ್ನು ಎಲ್ಲಿಂದ ಕಲಿಯಬೇಕು?

ನಾಲ್ಕನೆಯದು ಅತ್ಯಂತ ಮುಖ್ಯವಾದುದು. ಮಗು ಮಾತು ಕೇಳುವುದಿಲ್ಲವೆಂದು ತೀರ್ಮಾನಿಸುವ ಮುನ್ನ, ಅದಕ್ಕೆ ಮಾತು ಕೇಳಿಸುತ್ತಿದೆಯೆ ಎಂಬುದನ್ನು ಪರೀಕ್ಷಿಸಿರಿ. ನಮ್ಮ ಶಿಶುವಿಹಾರದಲ್ಲಿ ಒಬ್ಬ ಹುಡುಗನಿದ್ದನು. ಮನೆಯಲ್ಲಿ ಅವನಿಗೆ ಹಟಮಾರಿಯೆಂಬ ಹೆಸರು ನಿಂತುಹೋಗಿತ್ತು. ನಾನು ಎದುರಿಗಿದ್ದಾಗ ನನ್ನ ತುಟಿಗಳನ್ನೇ ನೋಡುತ್ತ ಪದ್ಯವನ್ನು ಹೇಳುತ್ತಿದ್ದವನು, ನಾನು ಚಿತ್ರವನ್ನು ಗೋಡೆಗೆ ತೂಗಹಾಕಲು ಬೆನ್ನು ತಿರುಗಿಸಿದ ಕೂಡಲೆ ತಡವರಿಸಿ ಪಕ್ಕದವನ ಬಾಯಿಯನ್ನು ನೋಡುತ್ತಿದ್ದ. ನೆಗಡಿಯಾದ ವಾರಗಳಲ್ಲಿ ಇದು ಹೆಚ್ಚುತ್ತಿತ್ತು. ತಾಯಿಗೆ ತಿಳಿಸಿ ವೈದ್ಯರಲ್ಲಿಗೆ ಕಳುಹಿಸಿದಾಗ, ಕಿವಿಯ ತಮಟೆಯ ಹಿಂದೆ ದ್ರವ ತುಂಬಿರುವುದು ಕಂಡುಬಂತು. ಮೂಗಿನ ಹಿಂಭಾಗದಿಂದ ಮಧ್ಯಕರ್ಣಕ್ಕೆ ಹೋಗುವ ನಾಳವು ಎಳೆಯ ಮಕ್ಕಳಲ್ಲಿ ಗಿಡ್ಡವಾಗಿಯೂ ಹೆಚ್ಚು ಮಟ್ಟಸವಾಗಿಯೂ ಇರುವುದರಿಂದ, ನೆಗಡಿ ಸೋಂಕುಗಳ ಬಳಿಕ ಹೀಗೆ ದ್ರವ ನಿಲ್ಲುವುದು ಸಾಮಾನ್ಯ. ನೋವಿಲ್ಲದ ಕಾರಣ ಮಗು ಹೇಳುವುದಿಲ್ಲ, ಕಿವುಡು ಬಂದು ಹೋಗುತ್ತಿರುವುದರಿಂದ ಮನೆಯವರಿಗೆ ತಿಳಿಯುವುದಿಲ್ಲ. ಆ ಹುಡುಗನ ಕಿವಿ ಕೆಲವು ತಿಂಗಳುಗಳಲ್ಲಿ ತಿಳಿಯಾದಾಗ ಅವನ ಹಟವೂ ಹೇಳಹೆಸರಿಲ್ಲದಂತೆ ಹೋಯಿತು. ಮಕ್ಕಳ ಶ್ರವಣದೋಷಗಳಲ್ಲಿ ಸುಮಾರು ಶೇಕಡ 60ರಷ್ಟು ತಡೆಗಟ್ಟಬಹುದಾದ ಕಾರಣಗಳಿಂದ ಉಂಟಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿವಿಗೆ ಕಾಯಿಸಿದ ಎಣ್ಣೆಯನ್ನು ಬಿಡುವುದು, ಹೇರ್‌ಪಿನ್ನಿನಿಂದ ಗುಗ್ಗೆ ತೆಗೆಯುವುದು, ಇವೆರಡನ್ನೂ ಬಿಟ್ಟುಬಿಡಿರಿ. ಒಂದು ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದ, ಒಂದೂವರೆ ವರ್ಷವಾದರೂ ಬೆರಳು ತೋರಿಸದ ಮಗುವನ್ನು ನಿಧಾನವಾಗಿ ಸರಿಹೋದೀತೆಂದು ಕಾಯಿಸದೆ ತಜ್ಞರಿಗೆ ತೋರಿಸಿರಿ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. ಶಿಶುಗಳ ಶ್ರವಣವನ್ನು ಪರೀಕ್ಷಿಸುವ ಸೌಕರ್ಯ ಅಲ್ಲಿದೆ. ಹೀಗೆ ತೋರಿಸುವುದರಲ್ಲಿ ಅವಮಾನವೇನೂ ಇಲ್ಲ, ಬೇಗ ತೋರಿಸಿದಷ್ಟೂ ಪ್ರಯೋಜನ ಹೆಚ್ಚು.

ಇಬ್ಬರೂ ದುಡಿಯಲು ಹೋಗಿ ಸಂಜೆಗೆ ಬಳಲಿ ಬರುವ ತಂದೆತಾಯಂದಿರ ಕಷ್ಟವನ್ನು ನಾನು ಬಲ್ಲೆ. ಬೆಂಗಳೂರಿನ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ, ಅಜ್ಜ ಅಜ್ಜಿಯರು ಊರಿನಲ್ಲುಳಿದು, ಅಡಿಗೆಯ ಹೊತ್ತಿಗೆ ಮಗುವನ್ನು ಸುಮ್ಮನಿರಿಸಲು ಮೊಬೈಲಿನ ಹೊರತು ಮತ್ತೇನೂ ತೋಚದ ತಾಯಿಯನ್ನು ದೂಷಿಸುವ ಉದ್ದೇಶ ಈ ಪತ್ರಕ್ಕಿಲ್ಲ. ಆಕೆಗೆ ನಾನು ಹೇಳುವುದಿಷ್ಟೆ: ಬಟಾಣಿ ಸುಲಿಯಲು, ಕೊತ್ತಂಬರಿ ಸೊಪ್ಪು ಬಿಡಿಸಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಮಾಡುತ್ತಿರುವುದನ್ನು ಬಾಯಲ್ಲಿ ಹೇಳುತ್ತಿರಿ. ಕೆಲಸ ಸ್ವಲ್ಪ ತಡವಾದೀತು, ನೆಲ ಸ್ವಲ್ಪ ಕೊಳೆಯಾದೀತು, ಅಷ್ಟನ್ನು ಸಹಿಸಿಕೊಳ್ಳಿ. ತಂದೆಯಾದವನು ಅಡಿಗೆಗೋ ಮಗುವಿಗೋ, ಎರಡರಲ್ಲೊಂದಕ್ಕೆ ಹೆಗಲು ಕೊಡಲಿ. ಇಷ್ಟಕ್ಕೂ ನಾನು ಕೇಳುತ್ತಿರುವುದು ದಿನವಿಡೀ ಮಗುವಿನ ಎದುರು ಕುಳಿತಿರಬೇಕೆಂದಲ್ಲ. ದಿನಕ್ಕೆ ಅರ್ಧ ಗಂಟೆ ಮನೆಯ ದೂರದರ್ಶನವೂ ಎಲ್ಲರ ಮೊಬೈಲುಗಳೂ ಬಾಯಿ ಮುಚ್ಚಿರಲಿ. ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕೆಂಬುದನ್ನು ಮಗುವೇ ನಿರ್ಧರಿಸಲಿ, ನೀವು ಅದರ ಜೊತೆಗಾರರಾಗಿರಿ. ಮಲಗುವ ಮುನ್ನ ಒಂದು ಕಥೆಯಿರಲಿ. ನಾಳೆಯಿಂದಲೆಂದು ಮುಂದೂಡದೆ ಈ ಸಂಜೆಯೇ ಆರಂಭಿಸಿ, ಒಂದು ತಿಂಗಳು ಬಿಡದೆ ನಡೆಸಿರಿ. ಮಗು ನಿಮ್ಮ ಮಾತಿಗೆ ತಿರುಗುವ ರೀತಿಯಲ್ಲಿ ಬದಲಾವಣೆ ಕಾಣದಿದ್ದರೆ ನನ್ನ ಮಾತನ್ನು ಧಾರಾಳವಾಗಿ ಬದಿಗಿಡಿರಿ. ಕಾಣುವುದೆಂಬ ದೃಢವಾದ ನಂಬಿಕೆಯಿಂದಲೇ, ನಿಮ್ಮ ಮಕ್ಕಳ ಶ್ರೇಯಸ್ಸನ್ನು ಹಾರೈಸುತ್ತ, ಈ ಪತ್ರವನ್ನು ಮುಗಿಸುತ್ತೇನೆ.

ಇತಿ,
ನಿಮ್ಮ ಮತ್ತು ನಿಮ್ಮ ಮಕ್ಕಳ ಹಿತಾಕಾಂಕ್ಷಿಣಿ,
ಶಿಶುವಿಹಾರದ ಒಬ್ಬ ವಿಶ್ರಾಂತ ಉಪಾಧ್ಯಾಯಿನಿ